ಇವತ್ತಿನ ಹೂಳಿಗೂ ಒಂದು ಸಾಲು ಕೊಡಿ

ಮಾನ್ಯ ಸಂಪಾದಕರೇ,

ನಮಸ್ಕಾರ. ಕಳೆದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಟಿಬೆಟ್ ಪ್ರಸ್ಥಭೂಮಿಯ ಸರೋವರಗಳ ಬಗ್ಗೆ ಬಂದ ಬರಹ ಓದಿದೆ. ಸರೋವರದ ತಳದ ಹೂಳಿನಲ್ಲಿ ಸಿಗುವ ಪರಾಗದಿಂದ ಸಾವಿರಾರು ವರ್ಷಗಳ ಹಿಂದೆ ಮಳೆ ಎಷ್ಟಿತ್ತು ಎಂದು ತಿಳಿಯಬಹುದು ಅಂತ ಬರೆದಿದ್ದೀರಿ. ಇಂಥ ವಿಷಯಕ್ಕೆ ಅರ್ಧ ಪುಟ ಕೊಟ್ಟಿದ್ದೀರಿ. ಮೊದಲು ಅದಕ್ಕೆ ಧನ್ಯವಾದ.

ಬೆಳಿಗ್ಗೆ ಹತ್ತು ಗಂಟೆಗೆಲ್ಲ ನನ್ನ ತಮ್ಮ ಫೋನ್ ಮಾಡಿದ. "ಅಕ್ಕಾ, ನೀನು ಇಷ್ಟು ವರ್ಷ ಮಾಡಿದ ಕೆಲಸ ಇದೇ ಅಲ್ವಾ?" ಅಂದ. ಹೌದು ಅಂದೆ. "ಹಾಗಾದ್ರೆ ಒಂದು ಹೇಳು. ಹಳೇ ಹೂಳಲ್ಲಿ ಹೂವಿನ ಪುಡಿ ಸಿಕ್ತು, ಸರಿ. ಆಗಿನ ಮಳೆ ಇಷ್ಟು ಮಿಲಿಮೀಟರ್ ಅಂತ ಅದರ ಮೇಲೆ ಬರೆದಿರುತ್ತಾ?"

ಅವನು ಸುಮ್ನೆ ಕೇಳಿದ್ದಲ್ಲ. ಬರಹವನ್ನು ಎರಡು ಸಲ ಓದಿ, ಉತ್ತರ ಸಿಗದೆ ಕೇಳಿದ್ದ. ಈ ಪತ್ರ ಅವನ ಪ್ರಶ್ನೆಗೆ ಉತ್ತರ. ನಿಮ್ಮ ಬೇರೆ ಓದುಗರಿಗೂ ಅದೇ ಪ್ರಶ್ನೆ ಬಂದಿರಬಹುದು.

ನಾನು ಪರಾಗ ಪ್ರಯೋಗಾಲಯವೊಂದರಲ್ಲಿ 27 ವರ್ಷ ಸಹಾಯಕಿಯಾಗಿದ್ದೆ. ಹೂಳು ತೊಳೆಯುವುದು, ಸ್ಲೈಡ್ ಮಾಡುವುದು, ಮೈಕ್ರೋಸ್ಕೋಪಿನಲ್ಲಿ ಒಂದೊಂದೇ ಕಣ ಗುರುತಿಸಿ ಎಣಿಸುವುದು ನನ್ನ ಕೆಲಸ. ನಿವೃತ್ತಿಯಾಗಿ ನಾಲ್ಕು ವರ್ಷವಾಯಿತು.

ತಮ್ಮನಿಗೆ ಹೇಳಿದ್ದು ಇಷ್ಟು. ಬರೆದಿರುವುದಿಲ್ಲ. ಹಳೇ ಪರಾಗ ಯಾವ ಗಿಡದ್ದು ಎಂದು ನಾವು ಹೇಳಬಹುದು. ಆ ಗಿಡ ಎಷ್ಟು ಮಳೆಯಲ್ಲಿ ಬೆಳೆದಿತ್ತು ಎಂಬುದು ಅದರಲ್ಲಿಲ್ಲ. ಅದನ್ನು ಕಲಿಸಿಕೊಡುವುದು ಇವತ್ತಿನ ಪರಾಗ. ಸರೋವರದ ತಳದಲ್ಲಿ ಈಗ ಎಲ್ಲಕ್ಕಿಂತ ಮೇಲೆ ಕೂತಿರುವ ಒಂದೆರಡು ಸೆಂಟಿಮೀಟರ್ ಹೂಳು. ನಿಮ್ಮ ಬರಹದಲ್ಲಿ ಆಳದ ಹೂಳಿನ ಬಗ್ಗೆ ಎಷ್ಟೊಂದು ಇತ್ತು. ಈ ಮೇಲ್ಪದರದ ಬಗ್ಗೆ ಒಂದು ಸಾಲೂ ಇರಲಿಲ್ಲ. ನನಗೆ ಬೇಜಾರಾಗಿದ್ದು ಅಲ್ಲಿ.

ಮೊದಲು ಪರಾಗದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಪರಾಗಕಣದ ಹೊರಗೋಡೆ ತುಂಬ ಗಟ್ಟಿ. ಆ ಗೋಡೆಯ ವಸ್ತುವಿಗೆ ಸ್ಪೋರೋಪೊಲೆನಿನ್ ಅಂತ ಹೆಸರು. ಗಾಳಿಯಾಡದ ಹೂಳಿನಲ್ಲಿ ಅದು ಲಕ್ಷಾಂತರ ವರ್ಷ ಕೆಡದೆ ಇರುತ್ತದೆ. ನಾವು ಅದಕ್ಕೆ ಕೊಡುವ ಹಿಂಸೆ ನೋಡಿದರೆ ನಿಮಗೇ ಅರ್ಥವಾಗುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಹೂಳಿನಲ್ಲಿರುವ ಸುಣ್ಣ ಕರಗಿಸುತ್ತೇವೆ. ಕ್ಷಾರದಲ್ಲಿ ಬಿಸಿ ಮಾಡಿ ಕೊಳೆತ ಗಿಡದ ಅಂಶ ತೆಗೆಯುತ್ತೇವೆ. ಆಮೇಲೆ ಹೈಡ್ರೋಫ್ಲೋರಿಕ್ ಆಮ್ಲ. ಅದು ಮರಳನ್ನು ಕರಗಿಸುತ್ತದೆ, ಗಾಜನ್ನೂ ಕರಗಿಸುತ್ತದೆ. ಹಾಗಾಗಿ ಪ್ಲಾಸ್ಟಿಕ್ ಕೊಳವೆಯೇ ಬೇಕು. ಚರ್ಮದ ಮೇಲೆ ಒಂದು ಹನಿ ಬಿದ್ದರೂ ಒಳಗಿಳಿದು ಮೂಳೆ ತಲುಪಬಹುದು. ಕ್ಯಾಲ್ಸಿಯಂ ಗ್ಲೂಕೋನೇಟ್ ಮುಲಾಮು ಕೈಗೆ ಸಿಗುವಂತೆ ಇಟ್ಟುಕೊಂಡೇ ಶುರು ಮಾಡುತ್ತಿದ್ದೆವು. ಕೊನೆಗೆ ಅಸಿಟಿಕ್ ಅನ್‌ಹೈಡ್ರೈಡ್ ಒಂಬತ್ತು ಪಾಲು, ಗಂಧಕಾಮ್ಲ ಒಂದು ಪಾಲು ಬೆರೆಸಿ ಕೆಲವು ನಿಮಿಷ ಬಿಸಿ. ಇದು ಸ್ವೀಡನ್ನಿನ ಗುನ್ನಾರ್ ಎರ್ಟ್‌ಮನ್ ರೂಢಿಗೆ ತಂದ ಕ್ರಮ. ಇಷ್ಟೆಲ್ಲ ಆದ ಮೇಲೆ ಹೂಳು ಹೋಗಿರುತ್ತದೆ. ಪರಾಗದ ಗೋಡೆ, ಅದರ ಮೇಲಿನ ಮುಳ್ಳು, ರಂಧ್ರ, ಗೀರು ಎಲ್ಲ ಹಾಗೇ ಉಳಿದಿರುತ್ತವೆ.

ಆಮೇಲೆ ಎಣಿಕೆ. 400 ಪಟ್ಟು ದೊಡ್ಡದಾಗಿ ತೋರಿಸುವ ಮಸೂರದ ಕೆಳಗೆ ಸ್ಲೈಡನ್ನು ಸಾಲು ಸಾಲಾಗಿ ಸರಿಸುತ್ತಾ ಹೋಗಬೇಕು. ಹುಲ್ಲಿನ ಕಣ ದುಂಡಗೆ, ಒಂದೇ ರಂಧ್ರ, ಅದರ ಸುತ್ತ ಬಳೆಯಂಥ ಅಂಚು. ಜೇಕಿನದು ಪೇರು ಹಣ್ಣಿನ ಆಕಾರ, ತೆಳು ಗೋಡೆ. ಆರ್ಟಿಮಿಸಿಯಾ ಕಣಕ್ಕೆ ಮೂರು ಸೀಳು, ದಪ್ಪ ಗೋಡೆ. ಈ ಗಿಡ ನಮಗೆ ಗೊತ್ತಿರುವ ದವನದ ಕುಲದ್ದೇ. ಚಕ್ಕೋತ ಸೊಪ್ಪಿನ ಬಳಗದ ಕಣದ ತುಂಬ ಪುಟ್ಟ ಪುಟ್ಟ ರಂಧ್ರ, ಗಾಲ್ಫ್ ಚೆಂಡಿನ ಹಾಗೆ. ಪೈನ್ ಕಣಕ್ಕೆ ಎರಡು ಕಡೆ ಗಾಳಿಚೀಲ. ಒಂದು ಮಾದರಿಗೆ 300 ರಿಂದ 500 ಕಣ ಎಣಿಸಬೇಕು. ಪರಾಗ ಚೆನ್ನಾಗಿದ್ದರೆ ಅರ್ಧ ದಿನದ ಕೆಲಸ. ಇಲ್ಲದಿದ್ದರೆ ಎರಡು ದಿನವೂ ಆಗುತ್ತದೆ.

ಪರಾಗ ಎಣಿಸಿ ಹಳೇ ಕಾಲದ ಕಾಡು ಹೇಗಿತ್ತು ಎಂದು ಚಿತ್ರ ಬರೆಯುವುದು ನೂರು ವರ್ಷಕ್ಕಿಂತ ಹಳೆಯ ವಿದ್ಯೆ. 1916ರಲ್ಲಿ ಸ್ವೀಡನ್ನಿನ ಲೆನ್ನಾರ್ಟ್ ಫಾನ್ ಪೋಸ್ಟ್ ಪರಾಗದ ಶೇಕಡಾ ಲೆಕ್ಕದ ನಕ್ಷೆಗಳನ್ನು ವಿದ್ವಾಂಸರ ಮುಂದಿಟ್ಟರು. ಆದರೆ ಕಾಡು ಹೀಗಿತ್ತು ಅನ್ನುವುದು ಒಂದು ಮಾತು. ಚಳಿ ಇಷ್ಟಿತ್ತು, ಮಳೆ ಇಷ್ಟಿತ್ತು ಅನ್ನುವುದು ಬೇರೆ ಮಾತು. ಆ ದಾರಿಗೆ ಮೊದಲ ಹೆಜ್ಜೆ ಇಟ್ಟವರಲ್ಲಿ ಡೆನ್ಮಾರ್ಕಿನ ಯೊಹಾನೆಸ್ ಈವರ್ಸನ್ ಒಬ್ಬರು. 1944ರಲ್ಲಿ ಅವರು ಮಾಡಿದ್ದು ಸರಳ ಕೆಲಸ. ಐವಿ ಬಳ್ಳಿ, 'ಹಾಲಿ' ಎಂಬ ಮುಳ್ಳೆಲೆಯ ಗಿಡ, ಮರದ ಮೇಲೆ ಬೆಳೆಯುವ ಬದನಿಕೆ ಇವತ್ತು ಎಲ್ಲೆಲ್ಲಿವೆ ಎಂದು ನೋಡಿದರು. ಅಲ್ಲಿನ ಬೇಸಿಗೆ, ಚಳಿಗಾಲದ ಉಷ್ಣತೆ ನೋಡಿದರು. ಈ ಗಿಡ ಇಷ್ಟು ಚಳಿಗಿಂತ ಜಾಸ್ತಿ ತಡೆಯುವುದಿಲ್ಲ ಎಂಬುದು ಗೊತ್ತಾಯಿತು. ಹಾಗಾದರೆ ಹಳೇ ಹೂಳಿನಲ್ಲಿ ಅದರ ಪರಾಗ ಸಿಕ್ಕಿದ ಕಾಲದಲ್ಲೂ ಅದಕ್ಕಿಂತ ಜಾಸ್ತಿ ಚಳಿ ಇರಲಿಲ್ಲ. ನೋಡಿ, ಅಲ್ಲೂ ಮೊದಲು ಇವತ್ತಿನದು. ತಕ್ಕಡಿ ಸರಿಯಿದೆಯೋ ಇಲ್ಲವೋ ಎಂದು ತಿಳಿಯಲು ಗೊತ್ತಿರುವ ಬಟ್ಟು ಹಾಕಿ ನೋಡುತ್ತೇವಲ್ಲ, ಹಾಗೆ.

ಟಿಬೆಟ್ ಪ್ರಸ್ಥಭೂಮಿಯಲ್ಲಿ ಈ ಬಟ್ಟಿನ ಕೆಲಸ ಮಾಡಿದವರ ಶ್ರಮ ನಿಮ್ಮ ಓದುಗರಿಗೆ ಗೊತ್ತಾಗಬೇಕು. ಜರ್ಮನಿಯ ಉಲ್ರಿಕ ಹೆರ್ಟ್ಸ್‌ಶೂ ಮತ್ತು ಜೊತೆಗಾರರು 112 ಸರೋವರಗಳ ಮೇಲ್ಪದರದ ಹೂಳು ತಂದು ಎಣಿಸಿ 2010ರಲ್ಲಿ ಪ್ರಕಟಿಸಿದರು. ವರ್ಷಕ್ಕೆ 31 ಮಿಲಿಮೀಟರ್ ಮಳೆಯ ಜಾಗದಿಂದ ಹಿಡಿದು 1022 ಮಿಲಿಮೀಟರ್ ಮಳೆಯ ಜಾಗದವರೆಗೆ ಆ ಸರೋವರಗಳು ಹರಡಿದ್ದವು. ಅಷ್ಟು ಅಗಲಕ್ಕೆ ಹೋಗಿದ್ದಕ್ಕೆ ಕಾರಣ ಇದೆ. ಒಣ ಜಾಗದ ಪರಾಗ ಹೇಗಿರುತ್ತದೆ, ತೇವದ ಜಾಗದ್ದು ಹೇಗಿರುತ್ತದೆ, ನಡುವಿನದು ಹೇಗಿರುತ್ತದೆ ಎಂಬುದೆಲ್ಲ ಕೈಯಲ್ಲಿದ್ದರೆ ತಾನೇ ಹಳೇ ಹೂಳನ್ನು ಹೋಲಿಸಿ ನೋಡಲು ಆಗುವುದು?

112 ಅನ್ನುವುದು ಓದಲು ಒಂದು ಸಂಖ್ಯೆ. ಆ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,000 ಮೀಟರಿಗಿಂತ ಜಾಸ್ತಿ. ಗಾಳಿ ತುಂಬುವ ದೋಣಿ, ಹಗ್ಗ, ತೂಕದ ಕೊಳವೆ ಎಲ್ಲವನ್ನೂ ಅಲ್ಲಿಗೆ ಒಯ್ಯಬೇಕು. ಎರಡು ಹೆಜ್ಜೆಗೆ ಉಸಿರು ಕಟ್ಟುವ ಜಾಗದಲ್ಲಿ ದೋಣಿಗೆ ಗಾಳಿ ತುಂಬಬೇಕು. ಮಧ್ಯಾಹ್ನದ ಹೊತ್ತಿಗೆ ಗಾಳಿ ಏಳುತ್ತದೆ, ಅಷ್ಟರೊಳಗೆ ಸರೋವರದ ನಡುವಿಗೆ ಹೋಗಿ ಬರಬೇಕು. ಕೊಳವೆಯನ್ನು ನಿಧಾನವಾಗಿ ಇಳಿಸಬೇಕು. ಮೇಲ್ಪದರ ಗಂಜಿಯಷ್ಟು ತೆಳು. ಸ್ವಲ್ಪ ಜೋರಾಗಿ ಬಿಟ್ಟರೂ ಕದಡಿ ಹೋಗುತ್ತದೆ. ಆಗ ಸಿಗುವುದು ಇವತ್ತಿನ ಹೂಳಲ್ಲ, ಇವತ್ತಿನದೂ ನೂರು ವರ್ಷ ಹಿಂದಿನದೂ ಬೆರೆತದ್ದು.

ಇಷ್ಟು ಕಷ್ಟ ಯಾಕೆ, ದಡದ ಮಣ್ಣು ತಂದರೆ ಆಗುವುದಿಲ್ಲವೇ ಎಂದು ಕೇಳಬಹುದು. ನಾನೂ ಮೊದಲ ವರ್ಷ ಕೇಳಿದ್ದೆ. ಉತ್ತರ ನನಗೆ ಸಿಕ್ಕಿದ್ದು ಪುಸ್ತಕದಿಂದಲ್ಲ.

ನಮ್ಮಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ಲಡಾಖಿನ ಚಾಂಗ್‌ಥಾಂಗ್‌ಗೆ ಹೋಗಿದ್ದಳು. ಟಿಬೆಟ್ ಪ್ರಸ್ಥಭೂಮಿಯ ಪಶ್ಚಿಮದ ಅಂಚು ಅದು. ತ್ಸೊ ಮೊರಿರಿಯಂಥ ಸರೋವರಗಳು ಸುಮಾರು 4,500 ಮೀಟರ್ ಎತ್ತರದಲ್ಲಿರುವ ಜಾಗ. ಅವಳು ಒಂದು ಪುಟ್ಟ ಸರೋವರದ ನಡುವಿನ ಹೂಳು ತಂದಳು. ಅದೇ ಸರೋವರದ ದಡದಿಂದ ಒಂದು ಹಿಡಿ ಮಣ್ಣನ್ನೂ ತಂದಳು. ಎರಡನ್ನೂ ನಾನೇ ತೊಳೆದೆ, ನಾನೇ ಎಣಿಸಿದೆ. ದಡದ ಮಣ್ಣಿನಲ್ಲಿ ಬರೀ ಜೇಕು. ಸಾಲು ಸರಿಸಿದಷ್ಟೂ ಜೇಕು. ಯಾಕೆಂದರೆ ಅವಳು ಮಣ್ಣು ತೆಗೆದ ಜಾಗದಲ್ಲಿ ಒರತೆ ಇತ್ತು, ಅಲ್ಲಿ ಜೇಕು ದಟ್ಟವಾಗಿ ಬೆಳೆದಿತ್ತು. ಅದೊಂದನ್ನೇ ನೋಡಿದವರು ಈ ನಾಡೆಲ್ಲ ಹಸಿರು ಹುಲ್ಲುಗಾವಲು ಅಂದುಕೊಳ್ಳಬೇಕು. ಸರೋವರದ ನಡುವಿನ ಹೂಳಿನಲ್ಲಿ ಬೇರೆಯೇ ಕಥೆ. ದವನದ ಬಳಗ, ಚಕ್ಕೋತದ ಬಳಗ, ಹುಲ್ಲು, ಒಂದಿಷ್ಟು ಎಫೆಡ್ರಾ ಎಂಬ ಕುರುಚಲು ಗಿಡ. ಒಣ ನಾಡಿನ ಗಿಡಗಳು.

ಜೊತೆಗೆ ಪೈನ್. ಒಂದೆರಡಲ್ಲ, ಬರುತ್ತಲೇ ಇತ್ತು. ಗುರುತು ಹಾಕುತ್ತಾ ಹಾಕುತ್ತಾ ನನಗೇ ಅನುಮಾನ ಬಂತು. ಬೇರೆ ಮಾದರಿಯ ಕೊಳವೆ ಸರಿಯಾಗಿ ತೊಳೆಯದೆ ಬೆರೆಸಿಬಿಟ್ಟೆನೇ? ಭಯವಾಯಿತು. ಮರುದಿನ ಉಳಿದ ಹೂಳಿನಿಂದ ಹೊಸ ಕೊಳವೆಯಲ್ಲಿ ಮತ್ತೆ ಮೊದಲಿನಿಂದ ಮಾಡಿದೆ. ಮತ್ತೆ ಪೈನ್. ಹುಡುಗಿಯನ್ನು ಕರೆದು ಕೇಳಿದೆ, "ಅಲ್ಲಿ ಪೈನ್ ಕಾಡು ಇದೆಯೇನಮ್ಮಾ?" ಅವಳು ಫೋಟೋ ತೋರಿಸಿದಳು. ಕಲ್ಲು, ಮರಳು, ನೀಲಿ ನೀರು, ಆಕಾಶ. ಒಂದು ಮರವೂ ಇಲ್ಲ. "ಒಂದು ದಿನ ಗಾಡಿಯಲ್ಲಿ ಹೋದರೂ ಪೈನ್ ಸಿಗಲ್ಲ ಮೇಡಂ" ಅಂದಳು.

ಆ ಕಣಗಳು ಹಿಮಾಲಯದ ಆಚೆ ಮಗ್ಗುಲಿನ ಕಾಡುಗಳಿಂದ ಗಾಳಿಯಲ್ಲಿ ಹತ್ತಿ ಬಂದಿದ್ದವು. ಗಾಳಿಚೀಲ ತೇಲಲು ನೆರವಾಗುತ್ತದೆ ಅಲ್ವಾ? ಮರವೇ ಇಲ್ಲದ ಎತ್ತರದ ನಾಡಿನಲ್ಲಿ ಅಲ್ಲಿನ ಗಿಡಗಳ ಪರಾಗ ಕಡಿಮೆ. ಆದ್ದರಿಂದ ದೂರದಿಂದ ಬಂದ ಮರದ ಪರಾಗವೇ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಇವತ್ತಿನ ಸರೋವರ ನೋಡದೆ, ಹಳೇ ಹೂಳಿನಲ್ಲಿ ಇಷ್ಟೇ ಪೈನ್ ಕಂಡಿದ್ದರೆ ಅಲ್ಲಿ ಒಂದು ಕಾಲಕ್ಕೆ ಕಾಡಿತ್ತು ಅಂತ ಬರೆದುಬಿಡುತ್ತಿದ್ದೆವು. ಕಾಡಿದ್ದರೆ ಬೆಚ್ಚಗಿತ್ತು, ಮಳೆ ಜಾಸ್ತಿ ಇತ್ತು ಅಂತಲೂ ಬರೆಯುತ್ತಿದ್ದೆವು. ಒಂದು ತಪ್ಪಿನ ಮೇಲೆ ಇನ್ನೊಂದು.

ಸರೋವರದ ಹೂಳನ್ನು ಸರೋವರದ ಹೂಳಿಗೇ ಹೋಲಿಸಬೇಕು ಅನ್ನುವುದು ಇದಕ್ಕೇ. ಮಣ್ಣು ಮತ್ತು ಪಾಚಿ ಹಿಡಿದಿಡುವುದು ಪಕ್ಕದಲ್ಲಿರುವ ಗಿಡವನ್ನು. ಸರೋವರ ಸುತ್ತಲಿನ ದೊಡ್ಡ ಪ್ರದೇಶದ ಪರಾಗವನ್ನು ಬೆರೆಸಿ ಇಡುತ್ತದೆ. ಸರೋವರ ದೊಡ್ಡದಾದಷ್ಟೂ ದೂರದ್ದು ಜಾಸ್ತಿ. ಹೊಳೆ ಬಂದು ಸೇರುವ ಸರೋವರವಾದರೆ ಹೊಳೆಯೂ ಒಂದಿಷ್ಟು ಪರಾಗ ತಂದು ಹಾಕುತ್ತದೆ. ಹಾಗಾಗಿ ಎಷ್ಟು ದೊಡ್ಡ ಸರೋವರ, ಹೊಳೆ ಇದೆಯೋ ಇಲ್ಲವೋ ಎಂದು ಬರೆದಿಡದ ಮಾದರಿಯನ್ನು ನಮ್ಮ ಹಿರಿಯ ಸಂಶೋಧಕರು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ.

ಈಗ ಮಿಲಿಮೀಟರ್ ಬರುವ ದಾರಿ. ತಮ್ಮನಿಗೆ ಹೇಳಿದ ಹಾಗೇ ಹೇಳುತ್ತೇನೆ. ಪ್ರತಿ ಗಿಡಕ್ಕೂ ತನಗೆ ಇಷ್ಟವಾದ ಮಳೆ ಒಂದಿರುತ್ತದೆ. ಪ್ರಸ್ಥಭೂಮಿಯ ಪೂರ್ವ ಭಾಗದಲ್ಲಿ ಮುಂಗಾರು ತಲುಪುತ್ತದೆ. ಅಲ್ಲಿನ ಎತ್ತರದ ಹುಲ್ಲುಗಾವಲಿನ ತುಂಬ ಜೇಕಿನ ಬಳಗ. ಪಶ್ಚಿಮಕ್ಕೆ, ವಾಯವ್ಯಕ್ಕೆ ಹೋದಂತೆ ಒಣಗುತ್ತದೆ. ದವನದ ಬಳಗ ಬರುತ್ತದೆ. ಇನ್ನೂ ಒಣಗಿದ ಉಪ್ಪು ನೆಲದಲ್ಲಿ ಚಕ್ಕೋತದ ಬಳಗದ್ದೇ ರಾಜ್ಯ. ಅದಕ್ಕೇ ಒಣ ನಾಡಿನಲ್ಲಿ ದವನದ ಬಳಗಕ್ಕೂ ಚಕ್ಕೋತದ ಬಳಗಕ್ಕೂ ಇರುವ ಅನುಪಾತವನ್ನೇ ತೇವದ ಸೂಚಿಯಾಗಿ ಬಳಸುತ್ತಾರೆ. ದವನ ಜಾಸ್ತಿಯಾದರೆ ಸ್ವಲ್ಪ ತೇವ, ಚಕ್ಕೋತ ಜಾಸ್ತಿಯಾದರೆ ಒಣ. ತೇವದ ಹುಲ್ಲುಗಾವಲಿಗೆ ಈ ಲೆಕ್ಕ ಹೊಂದುವುದಿಲ್ಲ. ಇದು ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಹೇಳಿಕೊಟ್ಟಿದ್ದೂ ಇವತ್ತಿನ ಮೇಲ್ಪದರದ ಮಾದರಿಗಳೇ.

ಅನುಪಾತದಿಂದ ಮುಂದೆ ಹೋದರೆ ಎಲ್ಲ ಗಿಡಗಳನ್ನೂ ಸೇರಿಸಿ ಮಾಡುವ ಲೆಕ್ಕ. ಯಾವ ಯಾವ ಸರೋವರದಲ್ಲಿ ಒಂದು ಗಿಡದ ಪರಾಗ ಎಷ್ಟೆಷ್ಟಿದೆ, ಅಲ್ಲಿ ಮಳೆ ಎಷ್ಟಿದೆ ಎಂದು ನೋಡಿ ಆ ಗಿಡಕ್ಕೆ ಒಪ್ಪುವ ಮಳೆ ಕಂಡುಹಿಡಿಯುತ್ತಾರೆ. ಜಾಸ್ತಿ ಕಂಡ ಜಾಗಕ್ಕೆ ಜಾಸ್ತಿ ತೂಕ. ಆಮೇಲೆ ಹಳೇ ಮಾದರಿಯಲ್ಲಿ ಯಾವ ಗಿಡ ಎಷ್ಟಿದೆಯೋ ಆ ಪ್ರಮಾಣದಲ್ಲಿ ಇವನ್ನೆಲ್ಲ ಸೇರಿಸಿ ಸರಾಸರಿ ತೆಗೆಯುತ್ತಾರೆ. ಸಮುದ್ರದ ಪುಟ್ಟ ಜೀವಿಗಳ ಚಿಪ್ಪಿನಿಂದ ನೀರಿನ ಉಷ್ಣತೆ ತಿಳಿಯಲು ಇಂಥ ಲೆಕ್ಕವನ್ನು 1971ರಲ್ಲೇ ಇಂಬ್ರಿ ಮತ್ತು ಕಿಪ್ ಎಂಬ ಸಂಶೋಧಕರು ತೋರಿಸಿದ್ದರು. ಪರಾಗಕ್ಕೆ ಈಗ ತುಂಬ ಬಳಸುವ ರೂಪ 1993ರದು. ಲೆಕ್ಕ ಕಂಪ್ಯೂಟರ್ ಮಾಡುತ್ತದೆ. ಕಂಪ್ಯೂಟರಿಗೆ ಕೊಡುವ ಪ್ರತಿ ಸಂಖ್ಯೆಯ ಹಿಂದೆ ಒಬ್ಬರು ಕಣ್ಣು ನೋಯಿಸಿಕೊಂಡು ಕೂತಿರುತ್ತಾರೆ.

ಈ ಲೆಕ್ಕದಿಂದ ಬರುವ ಸಂಖ್ಯೆಗೆ ಯಾವಾಗಲೂ ಒಂದು ಬಾಲ ಇರುತ್ತದೆ. ಉದಾಹರಣೆಗೆ ಅಂದುಕೊಳ್ಳಿ, ಉತ್ತರ 400 ಮಿಲಿಮೀಟರ್ ಬಂತು. ತಪ್ಪಿನ ಅಂದಾಜು 100 ಮಿಲಿಮೀಟರ್. ಹಾಗಾದರೆ ನಿಜವಾದ ಮಳೆ 300ರಿಂದ 500ರ ನಡುವೆ ಎಲ್ಲೋ ಇರುವ ಸಾಧ್ಯತೆ ಜಾಸ್ತಿ. ಒಣ ನಾಡಿನಲ್ಲಿ 300ಕ್ಕೂ 500ಕ್ಕೂ ಅಜಗಜಾಂತರ. ನಿಮ್ಮ ಬರಹದಲ್ಲಿ ಮಳೆಯ ಸಂಖ್ಯೆ ಇತ್ತು, ಬಾಲ ಇರಲಿಲ್ಲ. ಓದುಗರು ಆ ಸಂಖ್ಯೆಯನ್ನು ಮಳೆಮಾಪಕದಲ್ಲಿ ಅಳೆದದ್ದು ಅಂದುಕೊಳ್ಳುತ್ತಾರೆ. ನನ್ನ ತಮ್ಮ ಹಾಗೇ ಅಂದುಕೊಂಡಿದ್ದ.

ಆ ಬಾಲವೂ ಕೆಲವು ಸಲ ಇರಬೇಕಾದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಲೆಕ್ಕ ಸರಿಯೇ ಎಂದು ಪರೀಕ್ಷಿಸಲು ಒಂದು ಸರೋವರವನ್ನು ಪಕ್ಕಕ್ಕಿಟ್ಟು, ಉಳಿದವುಗಳಿಂದ ಅದರ ಮಳೆ ಹೇಳಿ ನೋಡುತ್ತಾರೆ. ಆದರೆ ಆ ಸರೋವರದ ಪಕ್ಕದಲ್ಲೇ ಹತ್ತು ಕಿಲೋಮೀಟರ್ ದೂರದಲ್ಲಿ ಇನ್ನೊಂದು ಇದ್ದರೆ? ಅವೆರಡರ ಗಿಡವೂ ಒಂದೇ, ಮಳೆಯೂ ಒಂದೇ. ಉತ್ತರ ಸರಿ ಬಂದೇ ಬರುತ್ತದೆ. ತರಗತಿಯಲ್ಲಿ ಬಿಡಿಸಿದ ಲೆಕ್ಕವನ್ನೇ ಪರೀಕ್ಷೆಯಲ್ಲಿ ಕೇಳಿದ ಹಾಗೆ. ಮಾದರಿಗಳನ್ನು ದೂರ ದೂರದಿಂದ, ಯಾರೂ ಹೋಗದ ಕಡೆಯಿಂದಲೂ ತರಬೇಕು ಎಂದು ಹೇಳುವುದು ಇದಕ್ಕೇ.

ಇನ್ನೊಂದು ತೊಂದರೆ ಹವಾಮಾನ ಕೇಂದ್ರಗಳದು. ಎತ್ತರದ ನಾಡುಗಳಲ್ಲಿ ಅವು ಕಡಿಮೆ. ಇರುವವೂ ಹೆಚ್ಚಾಗಿ ಕಣಿವೆಯ ಊರುಗಳಲ್ಲಿ. ಟಿಬೆಟ್ ಪ್ರಸ್ಥಭೂಮಿಯ ಪಶ್ಚಿಮ ಭಾಗದಲ್ಲಂತೂ ಬಹಳ ಕಡಿಮೆ. ಸರೋವರದ ದಡದಲ್ಲಿ ಮಳೆಮಾಪಕ ಇರುವುದಿಲ್ಲ. ದೂರದ ಕೇಂದ್ರದ ಅಂಕಿಗಳಿಂದ, ಎತ್ತರದ ವ್ಯತ್ಯಾಸ ಕಳೆದು ಕೂಡಿ, ಸರೋವರದ ಮಳೆ ಇಷ್ಟಿರಬೇಕು ಎಂದು ಲೆಕ್ಕ ಹಾಕುತ್ತಾರೆ. ಬೆಟ್ಟದ ಈ ಮಗ್ಗುಲಿಗೂ ಆ ಮಗ್ಗುಲಿಗೂ ಮಳೆ ಎಷ್ಟು ಬೇರೆ ಇರುತ್ತದೆ ಎಂದು ಬೆಟ್ಟ ಕಂಡವರಿಗೆಲ್ಲ ಗೊತ್ತು. ಒಂದು ಮಳೆಮಾಪಕ ಇಟ್ಟು ಹತ್ತು ವರ್ಷ ಬರೆದಿಡುವುದು ಪರಾಗ ವಿಜ್ಞಾನಕ್ಕೆ ಮಾಡುವ ದೊಡ್ಡ ಉಪಕಾರ. ಯಾರೂ ಅದನ್ನು ಹಾಗೆ ನೋಡುವುದಿಲ್ಲ.

ಇವತ್ತಿನ ಮಾದರಿಯಲ್ಲಿ ಇವತ್ತಿನ ಮನುಷ್ಯನೂ ಇದ್ದಾನೆ. ಯಾಕ್, ಕುರಿ, ಮೇಕೆ ಮೇಯುವ ಕಡೆ ಅವು ತಿನ್ನುವ ಗಿಡ ಹೂ ಬಿಡುವುದು ಕಡಿಮೆ, ತಿನ್ನದ ಗಿಡ ಹಬ್ಬುತ್ತದೆ. ಅದನ್ನು ಮಳೆಯ ಗುರುತು ಅಂದುಕೊಂಡರೆ ಕಷ್ಟ. ಹಿಂದಿನ ಕಾಲದಲ್ಲೂ ಇದೇ ಗೊಂದಲ ಇದೆ. ಪ್ರಸ್ಥಭೂಮಿಯ ಪೂರ್ವದಲ್ಲಿ ಕೆಲವು ಸಾವಿರ ವರ್ಷ ಹಿಂದೆ ಮರಗಳ ಪರಾಗ ಕಡಿಮೆಯಾಗುತ್ತದೆ. ಮುಂಗಾರು ಸೊರಗಿದ್ದರಿಂದಲೋ, ದನಕರುಗಳನ್ನು ಸಾಕುವವರು ಕಾಡು ಕಡಿದು ಸುಟ್ಟಿದ್ದರಿಂದಲೋ, ಎರಡೂ ಸೇರಿಯೋ ಎಂಬ ಚರ್ಚೆ ಇನ್ನೂ ನಡೆದಿದೆ.

ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಕೂಡ ಲೆಕ್ಕಕ್ಕೆ ಬರುತ್ತದೆ. 20,000 ವರ್ಷ ಹಿಂದೆ, ಹಿಮಯುಗ ತುತ್ತತುದಿಯಲ್ಲಿದ್ದಾಗ, ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು 190 ಪಾಲು ಇತ್ತು. ಕಾರ್ಖಾನೆಗಳು ಬರುವ ಮುಂಚೆ 280. ಈಗ 420 ದಾಟಿದೆ. ಅದು ಕಡಿಮೆ ಇದ್ದಾಗ ಗಿಡಗಳಿಗೆ ಅದೇ ಮಳೆಯಲ್ಲೂ ಬದುಕುವುದು ಕಷ್ಟ. ಎಲೆಯ ರಂಧ್ರ ಜಾಸ್ತಿ ಹೊತ್ತು ತೆರೆದಿಡಬೇಕು, ನೀರು ಜಾಸ್ತಿ ಹೋಗುತ್ತದೆ. ಪೂರ್ವ ಆಫ್ರಿಕಾದ ಕೀನ್ಯಾ ಪರ್ವತದಲ್ಲಿ ಮರಗಳ ಗಡಿ ಹಿಮಯುಗದಲ್ಲಿ ಕೆಳಗಿಳಿದದ್ದಕ್ಕೆ ಚಳಿಯ ಜೊತೆ ಇದೂ ಕಾರಣ ಎಂದು ಅಲ್ಲಿನ ಸರೋವರದ ಹೂಳು ಓದಿದವರು ತೋರಿಸಿದ್ದಾರೆ. ಇವತ್ತಿನ ಯಾವ ಸರೋವರದಲ್ಲೂ 190ರ ಗಾಳಿಯ ಮಾದರಿ ಸಿಗುವುದಿಲ್ಲ. ಆದ್ದರಿಂದ ಹಿಮಯುಗದ ಉತ್ತರಕ್ಕೆ ಬೇರೆ ತಿದ್ದುಪಡಿ ಬೇಕು.

ಕೊಲಂಬಿಯಾದ ಬೊಗೋಟಾದ ಎತ್ತರದ ಬಯಲು ನನಗೆ ತುಂಬ ಇಷ್ಟದ ಉದಾಹರಣೆ. ಹಿಂದೆ ಸರೋವರವಾಗಿದ್ದ ಆ ಬಯಲಿನಲ್ಲಿ ನೂರಾರು ಮೀಟರ್ ಆಳದ ಹೂಳು ತೆಗೆದು ಥಾಮಸ್ ಫಾನ್ ಡೆರ್ ಹಾಮನ್, ಹೆನ್ರಿ ಹೋಖಿಮ್‌ಸ್ಟ್ರಾ ಎಂಬ ಡಚ್ ಸಂಶೋಧಕರು ಲಕ್ಷಾಂತರ ವರ್ಷಗಳ ಕಥೆ ಓದಿದರು. ಅಲ್ಲಿ ಆಂಡಿಸ್ ಕಾಡಿನ ಮೇಲಿನ ಗಡಿ ಇವತ್ತು ಸುಮಾರು 3,200 ಮೀಟರಿನಲ್ಲಿದೆ. ಹಿಮಯುಗದಲ್ಲಿ ಸುಮಾರು 2,000 ಮೀಟರಿಗೆ ಇಳಿದಿತ್ತು. ಇವತ್ತಿನ ಗಡಿ ಎಲ್ಲಿದೆ, ಗಡಿಯ ಮೇಲೆ ಕೆಳಗೆ ಪರಾಗ ಹೇಗೆ ಬದಲಾಗುತ್ತದೆ ಎಂದು ನೋಡಿದ್ದರಿಂದಲೇ ಇದನ್ನು ಹೇಳಲು ಆಯಿತು. ಅಲ್ಲೇ ಒಂದು ಎಚ್ಚರಿಕೆಯೂ ಇದೆ. ಇವತ್ತು ಆ ಬೆಟ್ಟಗಳಲ್ಲಿ ಓಕ್ ಇದೆ. ಹೂಳಿನ ತುಂಬ ಕೆಳಗಿನ ಪದರಗಳಲ್ಲಿ ಓಕ್ ಪರಾಗವೇ ಇಲ್ಲ. ಹವಾಮಾನ ಹೊಂದಲಿಲ್ಲ ಅಂತಲ್ಲ. ಓಕ್ ಉತ್ತರದಿಂದ ಇನ್ನೂ ಅಲ್ಲಿಗೆ ಬಂದೇ ಇರಲಿಲ್ಲ.

ಇಷ್ಟೆಲ್ಲ ಕುಂದು ಹೇಳಿದ್ದರಿಂದ ಈ ವಿದ್ಯೆ ನಂಬಲು ಬಾರದ್ದು ಅಂತ ಯಾರೂ ತಿಳಿಯಬಾರದು. ನಾನು ಜೀವನದ ದೊಡ್ಡ ಭಾಗ ಕೊಟ್ಟ ಕೆಲಸ ಇದು. ಈ ಕುಂದುಗಳನ್ನು ಕಂಡುಹಿಡಿದವರೂ ಪರಾಗ ಎಣಿಸುವವರೇ. ಇವನ್ನು ಸರಿಮಾಡುವ ದಾರಿ ಒಂದೇ, ಇವತ್ತಿನ ಮಾದರಿ ಇನ್ನೂ ಜಾಸ್ತಿ, ಇನ್ನೂ ಎಚ್ಚರದಿಂದ ತರುವುದು. ತಂದದ್ದನ್ನು ಉಳಿಸಿಕೊಳ್ಳುವುದು.

ಉಳಿಸಿಕೊಳ್ಳುವ ಮಾತು ಬಂದದ್ದರಿಂದ ಒಂದು ಬೇಸರ ಹೇಳಲೇಬೇಕು. ನಾನಿದ್ದ ಪ್ರಯೋಗಾಲಯ ಒಮ್ಮೆ ಹೊಸ ಕಟ್ಟಡಕ್ಕೆ ಹೋಯಿತು. ಯಾವ ಸಾಮಾನು ಒಯ್ಯಬೇಕು, ಯಾವುದು ಬೇಡ ಎಂದು ಪಟ್ಟಿ ಮಾಡಿದರು. ಕೊಳವೆಯಿಂದ ಉದ್ದಕ್ಕೆ ಕೊರೆದು ತೆಗೆದ ಆಳದ ಹೂಳಿನ ಕಂಬಗಳಿಗೆ ಹೊಸ ಶೀತಕೋಣೆ ಕಟ್ಟಿಸಿದ್ದರು. ಮೇಲ್ಪದರದ ಮಾದರಿಗಳ ಡಬ್ಬಿಗಳ ಮುಂದೆ ಪಟ್ಟಿಯಲ್ಲಿ ಹೀಗೆ ಬರೆದಿತ್ತು: "ಹಳೆಯದಲ್ಲ. ಬೇಕಾದರೆ ಮತ್ತೆ ತರಬಹುದು." ನಾನು ರಜೆಯಲ್ಲಿದ್ದೆ. ಬಂದು ನೋಡುವಷ್ಟರಲ್ಲಿ ಡಬ್ಬಿಗಳು ಹೋಗಿದ್ದವು. ಹತ್ತಾರು ಸರೋವರಗಳ ಹೂಳು. ಉಳಿದದ್ದು ಎರಡು ಮರದ ಟ್ರೇಗಳಲ್ಲಿದ್ದ ಸ್ಲೈಡುಗಳು ಮತ್ತು ನನ್ನ ಎಣಿಕೆಯ ನೋಟ್ ಪುಸ್ತಕಗಳು. ಅವೂ ಬಾಗಿಲ ಹೊರಗಿದ್ದವು. ಕೇಳಿ ಒಳಗೆ ತಂದಿಟ್ಟುಕೊಂಡೆ.

ಮತ್ತೆ ತರಬಹುದು ಅನ್ನುವ ಮಾತು ನನ್ನನ್ನು ಇವತ್ತಿಗೂ ಕೊರೆಯುತ್ತದೆ. ತರಲು ಆಗುವುದಿಲ್ಲ. 1998ರಲ್ಲಿ ಮೇಲ್ಪದರವಾಗಿದ್ದದ್ದು ಈಗ ಮೇಲ್ಪದರವಲ್ಲ. ಅದರ ಮೇಲೆ ಹೊಸ ಹೂಳು ಬಿದ್ದಿದೆ. ಈಗ ಹೋಗಿ ತಂದರೆ ಸಿಗುವುದು ಬೇರೆ ಮಾದರಿ. ಈ ವರ್ಷಗಳಲ್ಲಿ ಎತ್ತರದ ನಾಡುಗಳು ಭೂಮಿಯ ಸರಾಸರಿಗಿಂತ ಬೇಗ ಬಿಸಿಯಾಗಿವೆ. ಟಿಬೆಟ್ ಪ್ರಸ್ಥಭೂಮಿಯ ಒಳಭಾಗದ ಎಷ್ಟೋ ಸರೋವರಗಳು 1990ರ ದಶಕದ ನಡುವಿನಿಂದ ಮಳೆ ಮತ್ತು ಕರಗಿದ ಹಿಮದಿಂದ ಉಬ್ಬಿ ಹರಡಿವೆ. ಅಂದು ದಡವಾಗಿದ್ದ ಹುಲ್ಲು ಇಂದು ನೀರಿನಡಿ ಇದೆ. ರಸ್ತೆಗಳು ಬಂದಿವೆ. ಮೇಯುವ ರೀತಿ ಬದಲಾಗಿದೆ. ಅಂದಿನ ಹವಾಮಾನಕ್ಕೆ ಅಂದಿನ ಪರಾಗವೇ ಜೋಡಿ. ಆ ಜೋಡಿಯಲ್ಲಿ ಒಂದನ್ನು ಕಸಕ್ಕೆ ಹಾಕಿದರೆ ಇನ್ನೊಂದಕ್ಕೆ ಅರ್ಥ ಉಳಿಯುವುದಿಲ್ಲ.

ಸಂಶೋಧನೆಗೆ ಹಣ ಕೊಡುವವರಿಗೆ ನನ್ನ ಕೋರಿಕೆ ಇದೇ. ಆಳದ ಹೂಳು ತೆಗೆಯುವ ಯೋಜನೆಗೆ ಹಣ ಕೊಡುವಾಗ ಮೇಲ್ಪದರದ ಮಾದರಿಗಳಿಗೂ, ಅವನ್ನು ಕಾಯ್ದಿಡುವುದಕ್ಕೂ ಕೊಡಿ. ಎಣಿಸಿದವರು ಶೇಕಡಾ ಲೆಕ್ಕ ಮಾತ್ರ ಪ್ರಕಟಿಸಬಾರದು. ನೂರಕ್ಕೆ ಇಷ್ಟು ಅನ್ನುವಾಗ ಪೈನ್ ಜಾಸ್ತಿಯಾದರೆ ಉಳಿದವೆಲ್ಲ ಕಡಿಮೆಯಾದ ಹಾಗೆ ಕಾಣುತ್ತವೆ, ಅವು ಇದ್ದಷ್ಟೇ ಇದ್ದರೂ. ಅದಕ್ಕೇ ನಾವು ತೊಳೆಯುವ ಮೊದಲೇ ಲೈಕೋಪೋಡಿಯಂ ಎಂಬ ಹೂ ಬಿಡದ ಗಿಡದ ಬೀಜಕಣದ ಮಾತ್ರೆ ಹಾಕುತ್ತೇವೆ. ಮಾತ್ರೆಯಲ್ಲಿ ಎಷ್ಟು ಬೀಜಕಣ ಇದೆ ಎಂದು ಮೊದಲೇ ಗೊತ್ತಿರುತ್ತದೆ. ಸ್ಲೈಡಿನಲ್ಲಿ ಅವು ಎಷ್ಟು ಸಿಕ್ಕವು ಎಂದು ನೋಡಿ ನಿಜವಾದ ಪರಾಗ ಎಷ್ಟಿತ್ತು ಎಂದು ಹೇಳಬಹುದು. ಎಣಿಸಿದ ಮೂಲ ಸಂಖ್ಯೆ, ಮಾತ್ರೆಯ ಸಂಖ್ಯೆ, ಸರೋವರದ ಜಾಗ, ಎತ್ತರ, ನೀರಿನ ಆಳ, ತಂದ ದಿನ, ಇವನ್ನೆಲ್ಲ ಎಲ್ಲರಿಗೂ ಸಿಗುವಂತೆ ಇಟ್ಟರೆ ಮುಂದೆ ಬರುವವರು ಹೊಸ ಲೆಕ್ಕ ಮಾಡಬಹುದು.

ನಿಮ್ಮಲ್ಲಿ ಕೇಳುವುದು ಇನ್ನೂ ಸಣ್ಣದು. ಮುಂದಿನ ಸಲ ಇಂಥ ಸುದ್ದಿ ಬಂದಾಗ ಎರಡು ಸಂಖ್ಯೆ ಸೇರಿಸಿ. ಇವತ್ತಿನ ಎಷ್ಟು ಸರೋವರಗಳಿಗೆ ಹೋಲಿಸಿದ್ದಾರೆ, ಉತ್ತರದ ಹಿಂದೆ ಮುಂದೆ ಎಷ್ಟು ತಪ್ಪಿರಬಹುದು. ಹತ್ತು ಪದಗಳೂ ಬೇಕಾಗುವುದಿಲ್ಲ.

ಆ ಎರಡು ಟ್ರೇಗಳ ಸ್ಲೈಡುಗಳನ್ನು ಈಗ ಒಬ್ಬ ಸಂಶೋಧನಾ ವಿದ್ಯಾರ್ಥಿ ಮತ್ತೆ ಎಣಿಸುತ್ತಿದ್ದಾನೆ. ನನ್ನ ನೋಟ್ ಪುಸ್ತಕದಲ್ಲಿ ಪ್ರತಿ ಸರೋವರಕ್ಕೂ ಕೊನೆಗೊಂದು ಕಾಲಂ ಇದೆ, "ಗುರುತು ಸಿಗದವು" ಅಂತ. ಒಂದು ಸ್ಲೈಡಿನಲ್ಲಿ ನಾನು ಅಲ್ಲಿ ಸೇರಿಸಿದ್ದ ಏಳು ಕಣಗಳಲ್ಲಿ ಐದಕ್ಕೆ ಅವನು ಹೆಸರು ಹಿಡಿದಿದ್ದಾನೆ. ಇನ್ನೆರಡನ್ನು ಇಬ್ಬರೂ ಕೂತು ನೋಡೋಣ, ಬನ್ನಿ ಮೇಡಂ ಅಂತ ಕರೆದಿದ್ದಾನೆ. ಗುರುವಾರ ಹೋಗುತ್ತಿದ್ದೇನೆ.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಬಹುಕಾಲದ ಓದುಗಿ,
ನಿವೃತ್ತ ಪ್ರಯೋಗಾಲಯ ಸಹಾಯಕಿ